ಹೊಳೆ ದಾಟದ ವಲಸೆ: ಗಡಿನಾಡ ಬರವಣಿಗೆಯ ಬಗ್ಗೆ ಕೆಲವು ಮಾತುಗಳು

ಗಡಿನಾಡಿನ ಸಾಹಿತ್ಯದ ಬಗ್ಗೆ ನಡೆಯುವ ಯಾವ ಸಭೆಯಲ್ಲೂ ಒಂದು ಹೊಳೆಯ ಹೆಸರು ಬಾರದೆ ಇರುವುದಿಲ್ಲ. ಅದು ಚಂದ್ರಗಿರಿ. ಆ ಹೊಳೆಯ ಉತ್ತರ ಭಾಗ ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಂದಿನಿಂದ ಚಂದ್ರಗಿರಿ ನಮ್ಮ ಭಾಷಣಗಳಲ್ಲಿ, ಕವಿತೆಗಳಲ್ಲಿ ಒಂದು ಗೆರೆಯಾಗಿಯೇ ಉಳಿದಿದೆ. ಆದರೆ ನನ್ನ ತಲೆಮಾರಿನ ಕಾಸರಗೋಡು ಕನ್ನಡಿಗರ ಸಂಸಾರಗಳನ್ನು ಅಲ್ಲಾಡಿಸಿದ ಹೊಳೆ ಅದಲ್ಲ, ನೇತ್ರಾವತಿ. ಅದನ್ನೂ ನಾವು ದಾಟಿದ್ದೇವೆಂದು ಹೇಳುವಂತಿಲ್ಲ. ಅದರ ಈಚೆ ದಡದಲ್ಲಿ ನಿಂತಿದ್ದೇವೆ.

ಮಂಗಳೂರು ನಗರ ನೇತ್ರಾವತಿಯ ಉತ್ತರಕ್ಕಿದೆ. ತೆಂಕು ದಡದಲ್ಲಿ ಉಳ್ಳಾಲ, ತೊಕ್ಕೊಟ್ಟು, ಕುಂಪಲ, ಕುತ್ತಾರು, ದೇರಳಕಟ್ಟೆ, ಹಾಗೇ ಒಳಗೆ ಹೋದರೆ ಕೊಣಾಜೆ. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾದ ಮೇಲೆ ಕೊಣಾಜೆಗೆ, ಆ ಬಳಿಕ ಮೆಡಿಕಲ್ ಕಾಲೇಜುಗಳು ಬಂದ ಮೇಲೆ ದೇರಳಕಟ್ಟೆಗೆ ಜನ ಬಂದು ನೆಲೆಸಿದರು. ನಗರದ ಒಳಗೆ ಮನೆ ಮಾಡಲು ತಾಕತ್ತಿಲ್ಲದವರಿಗೆ, ಊರಿನಿಂದ ತೀರ ದೂರ ಹೋಗಲು ಮನಸ್ಸಿಲ್ಲದವರಿಗೆ ಈ ಪ್ರದೇಶ ಒಗ್ಗಿತು. ಪೆರ್ಲ, ಬದಿಯಡ್ಕ, ಕುಂಬಳೆ, ಮಂಜೇಶ್ವರದ ಕಡೆಯವರು ಇಲ್ಲಿ ಎಷ್ಟಿದ್ದಾರೆಂದು ಹೇಳಲು ನನ್ನ ಹತ್ತಿರ ಅಂಕಿಸಂಖ್ಯೆ ಇಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ವಿಳಾಸ ಬದಲಾವಣೆಯ ಅರ್ಜಿಗಳು ಕಾಣುತ್ತವೆ, ಅಷ್ಟೇ. ಹಳೆಯ ವಿಳಾಸದಲ್ಲಿ ಮನೆಯ ಹೆಸರು, ಅಂಚೆ ಕಚೇರಿಯ ಹೆಸರು ಇರುತ್ತದೆ. ಹೊಸದರಲ್ಲಿ ಫ್ಲಾಟಿನ ನಂಬರು.

ನಾನು ಕೂಡ ಅಂಥ ಒಂದು ಅರ್ಜಿ ಬರೆದವನೇ. 2016ರಲ್ಲಿ ಸಂಸಾರ ಸಮೇತ ತೊಕ್ಕೊಟ್ಟಿನ ಹತ್ತಿರಕ್ಕೆ ಬಂದೆ. ಕೆಲಸ ಮಾತ್ರ ಆಚೆಗೇ ಇರುವುದರಿಂದ ಬೆಳಿಗ್ಗೆ ಉಳ್ಳಾಲ ಸ್ಟೇಶನಿನಲ್ಲಿ ರೈಲು ಹತ್ತಿ ರಾಜ್ಯ ದಾಟುತ್ತೇನೆ, ಸಂಜೆ ಮತ್ತೆ ದಾಟುತ್ತೇನೆ. ಈ ಬರಹವನ್ನು ಓದುವವರು ಅದನ್ನು ತಿಳಿದುಕೊಂಡೇ ಓದಬೇಕು.

ಹೊರಟ ದಿನ ಅಮ್ಮ ಒಂದು ಮಾತು ಕೇಳಿದರು. "ಮಗಾ, ನೀನು ಹೋಗುವ ಮನೆ ನೇತ್ರಾವತಿಯಿಂದ ಆಚೆಯೋ ಈಚೆಯೋ?" ಈಚೆ ಅಂದೆ. "ಹಾಗಾದರೆ ಅಡ್ಡಿಯಿಲ್ಲ. ಹೊಳೆ ದಾಟಿದ್ದಿಲ್ಲವಲ್ಲ." ಅಮ್ಮನ ಲೆಕ್ಕದಲ್ಲಿ ಶಿರಿಯ, ಉಪ್ಪಳದ ಹೊಳೆಗಳು ಹೊಳೆಗಳೇ ಅಲ್ಲ, ತಲಪಾಡಿಯ ಗಡಿಯಂತೂ ಲೆಕ್ಕಕ್ಕೇ ಇಲ್ಲ. ಅವರು ಹುಟ್ಟಿದಾಗ ಅದು ಇರಲೂ ಇಲ್ಲ. 1956ರ ನವೆಂಬರ 1ರ ತನಕ ಕಾಸರಗೋಡೂ ಉಳ್ಳಾಲವೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು.

ಈಗ ಪ್ರಶ್ನೆ ಸಾಹಿತ್ಯದ್ದು. ಅಮ್ಮನ ಈ ಲೆಕ್ಕ ನಮ್ಮ ಕಥೆಗಳಲ್ಲಿ ಯಾಕೆ ಬಂದಿಲ್ಲ?

ಗಡಿನಾಡ ಸಂಚಿಕೆಗಳಲ್ಲಿ, ಶಾಲೆಗಳ ಸ್ಮರಣ ಸಂಚಿಕೆಗಳಲ್ಲಿ ನಾನು ಓದಿದ ಬಹುಪಾಲು ವಲಸೆಯ ಕಥೆಗಳಿಗೆ ಒಂದೇ ಅಚ್ಚು. ಮಗ ಪಟ್ಟಣ ಸೇರುತ್ತಾನೆ. ಅಡಿಕೆ ತೋಟ ಪಾಳು ಬೀಳುತ್ತದೆ. ತಂದೆ ಜಗಲಿಯಲ್ಲಿ ಕೂತು ದಾರಿ ಕಾಯುತ್ತಾರೆ. ಕೊನೆಗೆ ತೋಟವನ್ನು ಯಾರೋ ಹೊರಗಿನವರು ಕೊಳ್ಳುತ್ತಾರೆ, ತಂದೆ ತೀರಿಕೊಳ್ಳುತ್ತಾರೆ. ಆ ಹೊರಗಿನವರಿಗೆ ಹೆಸರಿರುವುದಿಲ್ಲ. ಒಂದು ಕಾರು, ಒಂದು ತಂಪು ಕನ್ನಡಕ, ಒಡೆದ ಕನ್ನಡ ಇರುತ್ತದೆ. ಈ ಕಥೆಗಳಲ್ಲಿ ದುಃಖ ಸುಳ್ಳಲ್ಲ. ಆದರೆ ಜಾಗ ಮಾರಿದ್ದು ಯಾರು, ದರ ಏರಿಸಿದ್ದು ಯಾರು ಎಂಬುದನ್ನು ಕಥೆಗಾರ ಕೇಳುವುದಿಲ್ಲ. ಕೊಂಡವನ ಮೇಲೆ ತಪ್ಪು ಹಾಕಿದರೆ ಓದುಗರಿಗೂ ಹಗುರವಾಗುತ್ತದೆ. ಎರಡು ಭಾಷೆಯವರು ಒಟ್ಟಿಗೆ ಓದುವ ಈ ಪುಟಗಳಲ್ಲಿ ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕೆಂದು ನನಗನಿಸುತ್ತದೆ.

ಈ ಅಚ್ಚು ಎಲ್ಲಿಂದ ಬಂತು? ಕಾರಂತರ 'ಮರಳಿ ಮಣ್ಣಿಗೆ' ನಮಗೆಲ್ಲ ಶಾಲೆಯ ದಿನಗಳಿಂದ ಕೇಳಿದ ಹೆಸರು. ಅದರ ಮೂರನೆಯ ತಲೆಮಾರಿನ ರಾಮ ಮದರಾಸಿನವರೆಗೆ ಹೋಗಿ, ಅಲೆದು, ಕಡಲ ಕರೆಯ ತನ್ನ ಊರಿಗೆ ಹಿಂತಿರುಗುತ್ತಾನೆ. ಅವನು ದೂರ ಹೋಗಿದ್ದರಿಂದಲೇ ಹಿಂತಿರುಗುವುದಕ್ಕೆ ಕಾದಂಬರಿಯಲ್ಲಿ ತೂಕ ಬರುತ್ತದೆ. ಆ ಕಟ್ಟನ್ನು ಎರವಲು ತಂದ ನಮ್ಮ ಕಥೆಗಾರರು ಒಂದು ವಿಷಯ ಮರೆತರು. ತೊಕ್ಕೊಟ್ಟಿಗೆ ಹೋದವನು ಹಿಂತಿರುಗುವುದು ಹೇಗೆ? ಅವನು ಪ್ರತಿ ಆದಿತ್ಯವಾರ ಬರುತ್ತಾನೆ. ಬರುವಾಗ ಅಮ್ಮನ ಬಿಪಿ ಮಾತ್ರೆ ತರುತ್ತಾನೆ, ಹೋಗುವಾಗ ತೆಂಗಿನಕಾಯಿ, ಬಾಳೆಗೊನೆ ಹೊತ್ತುಕೊಂಡು ಹೋಗುತ್ತಾನೆ. ಊರಿನ ಕೋಲಕ್ಕೆ ರಜೆ ಹಾಕುತ್ತಾನೆ. ಊರು ಬಿಟ್ಟವನೆನ್ನಲು ಸಾಕ್ಷಿ ಸಾಲದು, ಊರಲ್ಲಿದ್ದವನೆನ್ನಲೂ ಸಾಲದು. ಇಂಥವನಿಗೆ 'ಮರಳುವ' ಕಥೆಯ ಅಂಗಿ ತೊಡಿಸಿದರೆ ಎಲ್ಲೋ ಬಿಗಿ, ಎಲ್ಲೋ ಸಡಿಲ.

ನಮ್ಮ ಭಾಗದ ಅತಿ ಪ್ರಸಿದ್ಧ ಹೊಳೆಯ ಕಾದಂಬರಿ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಸಭೆಗಳಲ್ಲಿ ಈ ಹೆಸರನ್ನು ಗಡಿಯ ಸಂಕೇತವೆಂಬಂತೆ ಬಳಸುವವರು ಪುಸ್ತಕವನ್ನು ಇನ್ನೊಮ್ಮೆ ತೆರೆದು ನೋಡಬೇಕು. ನಾದಿರಾಳನ್ನು ಗಂಡನಿಂದ ಬೇರ್ಪಡಿಸುವುದು ಹೊಳೆಯಲ್ಲ. ಅಪ್ಪನ ಹಠ, ಮೋಸದಿಂದ ಪಡೆದ ತಲಾಖ್, ಮತ್ತೆ ಸೇರಬೇಕಾದರೆ ಒಂದು ದಿನದ ಮಟ್ಟಿಗೆ ಇನ್ನೊಬ್ಬನ ಹೆಂಡತಿಯಾಗಬೇಕೆಂಬ ಕಟ್ಟಳೆ. ಅವಳು ಸಾಯುವುದೂ ಹೊಳೆಯಲ್ಲಲ್ಲ, ಮಸೀದಿಯ ಕೆರೆಯಲ್ಲಿ. ಹೊಳೆಯನ್ನು ದೋಣಿಯಲ್ಲಿ ದಾಟಬಹುದು, ಅಪ್ಪನನ್ನು ದಾಟಲಾಗುವುದಿಲ್ಲ. ನಮ್ಮವರು ಶೀರ್ಷಿಕೆಯನ್ನು ಮಾತ್ರ ಓದಿ ಕಾದಂಬರಿಯನ್ನು ಬಿಟ್ಟರೇನೋ ಎಂದು ನನಗೆ ಅನುಮಾನ.

ಮಲಯಾಳದಲ್ಲಿ ಇದರ ಜೊತೆಗಿಟ್ಟು ಓದಬೇಕಾದದ್ದು ಎಂ. ಮುಕುಂದನ್ ಅವರ 'ಮಯ್ಯಳಿಪ್ಪುಳಯುಡೆ ತೀರಙ್ಙಳಿಲ್', 1974ರದ್ದು. ಎರಡು ಭಾಷೆಗೂ 'ತೀರ' ಒಂದೇ ಮಾತು. ಆದರೆ ಕನ್ನಡದ ಹೆಸರಿನಲ್ಲಿ ತೀರ ಒಂದು, ಮಲಯಾಳದಲ್ಲಿ ತೀರಗಳು ಎರಡು. ಮಾಹೆಯ ಫ್ರೆಂಚ್ ಆಡಳಿತ 1954ರಲ್ಲಿ ಕೊನೆಗೊಳ್ಳುವ ಕಾಲದ ಕಥೆ ಅದು. ಓದಿದ ಹುಡುಗ ದಾಸನಿಗೆ ಫ್ರೆಂಚರ ಕೈಕೆಳಗೆ ಮೇಲೇರುವ ದಾರಿ ತೆರೆದಿತ್ತು. ಅವನು ಒಲ್ಲೆನೆಂದು ಹೋರಾಟಕ್ಕೆ ಇಳಿಯುತ್ತಾನೆ. ಆದರೆ ಆ ಊರಲ್ಲಿ ಫ್ರೆಂಚರನ್ನು ಪ್ರೀತಿಸುವವರೂ ಇದ್ದಾರೆ, ಅವರು ಹೊರಟು ಹೋದಾಗ ಎದೆಯೊಡೆದುಕೊಳ್ಳುವವರೂ ಇದ್ದಾರೆ. ಕಾದಂಬರಿಕಾರರು ಅವರನ್ನು ದ್ರೋಹಿಗಳೆಂದು ತಳ್ಳಿಹಾಕುವುದಿಲ್ಲ. ಎರಡು ತೀರಗಳನ್ನೂ ನೋಡುವ ಈ ಔದಾರ್ಯ ನಮ್ಮ ಗಡಿನಾಡ ಕನ್ನಡ ಕಥೆಗೆ ಇನ್ನೂ ದಕ್ಕಿಲ್ಲ ಎಂದರೆ ಯಾರೂ ಬೇಸರಿಸಬಾರದು.

ಇನ್ನೂ ಒಂದು ಮಾತಿದೆ. ಊರು ಬಿಟ್ಟವನಿಗೆ ಊರಿನ ಬಗ್ಗೆ ಬರೆಯುವ ಹಕ್ಕಿಲ್ಲವೆಂದು ನನಗೆ ಎದುರಿಗೇ ಹೇಳಿದವರಿದ್ದಾರೆ. ಕಾಸರಗೋಡಿನಲ್ಲಿ ಹುಟ್ಟಿ ಅಲ್ಲಿನ ಕನ್ನಡ ಶಾಲೆಯಲ್ಲಿ ಓದಿದ ಸಾರಾ ಅವರು 2023ರ ಜನವರಿಯಲ್ಲಿ ತೀರಿಕೊಳ್ಳುವ ತನಕ ತಮ್ಮ ಬರವಣಿಗೆಯ ಬದುಕಿನ ಬಹುಭಾಗವನ್ನು ಮಂಗಳೂರಿನಲ್ಲಿ, ಅಂದರೆ ನೇತ್ರಾವತಿಯ ಆಚೆ ದಡದಲ್ಲಿ ಕಳೆದರು. ಮುಕುಂದನ್ ಮಯ್ಯಳಿಯನ್ನು ಬರೆದದ್ದು ದಿಲ್ಲಿಯ ಫ್ರೆಂಚ್ ರಾಯಭಾರ ಕಚೇರಿಯಲ್ಲಿ ನೌಕರಿಯಲ್ಲಿದ್ದಾಗ. ತೀರದ ಕಾದಂಬರಿಗಳೆಂದು ನಾವು ಹೊಗಳುವ ಎರಡನ್ನೂ ಬರೆದವರು ತೀರ ಬಿಟ್ಟವರೇ.

ಹಾಗಾದರೆ ಕೊರತೆ ದೂರದ್ದಲ್ಲ. ನಾವು ಯಾಕೆ ಹೊರಟೆವು ಎಂಬುದನ್ನು ಒಪ್ಪಿಕೊಳ್ಳುವ ಎದೆಗಾರಿಕೆಯದ್ದು. ನಮ್ಮ ಕವಿತೆಗಳ ಪ್ರಕಾರ ನಮ್ಮನ್ನು ಅಟ್ಟಲಾಗಿದೆ. ಅದರಲ್ಲಿ ಅಷ್ಟಿಷ್ಟು ಸತ್ಯವೂ ಉಂಟು. ಅರ್ಜಿ ನಮೂನೆಗಳಲ್ಲಿ ಮಲಯಾಳ ಮಾತ್ರ ಕಂಡು ತಬ್ಬಿಬ್ಬಾದ ಮುದುಕರನ್ನು ನಾನು ಕೌಂಟರಿನಲ್ಲಿ ದಿನವೂ ನೋಡಿದ್ದೇನೆ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯವಾದಾಗ ಕಾಸರಗೋಡಿನಲ್ಲಿ ನಡೆದ ಪ್ರತಿಭಟನೆಗೆ ಕಾರಣವಿತ್ತು. ಆದರೆ ನನ್ನ ಮಟ್ಟಿಗೆ ಹೇಳುವುದಾದರೆ ನಾನು ಹೊರಟದ್ದು ಮಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಲಿಕ್ಕೆ. ಕೇರಳದಲ್ಲಿದ್ದಾಗ ಅವಳು ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಳು. ಕರ್ನಾಟಕಕ್ಕೆ ಬಂದ ಮೇಲೆ ಕನ್ನಡ ಅವಳಿಗೆ ಒಂದು ವಿಷಯವಾಯಿತು, ವಾರಕ್ಕೆ ಕೆಲವು ಪೀರಿಯಡ್.

ಕೇರಳದ ಶಾಲೆಗಳಲ್ಲಿ ಜೂನಿನಲ್ಲಿ ಬಾಗಿಲು ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ಎಣಿಕೆಯ ಮೇಲೆ ಡಿವಿಷನ್ ಉಳಿಯುವುದು, ಟೀಚರ ಹುದ್ದೆ ಉಳಿಯುವುದು. ನಾನು ಮೇ ತಿಂಗಳಲ್ಲಿ ಟಿ.ಸಿ. ಕೇಳಿದಾಗ ಮಗಳ ಟೀಚರು ಫೋನ್ ಮಾಡಿ, "ಆರನೆಯ ದಿನದವರೆಗೆ ಮಾತ್ರ ಕಳಿಸಿ ಸರ್, ಮತ್ತೆ ನಾನೇ ಟಿ.ಸಿ. ಬರೆಸಿ ಕೊಡುತ್ತೇನೆ" ಅಂದರು. ಅವರ ಸ್ವರದಲ್ಲಿ ಬೇಡಿಕೆ ಇತ್ತು. ಹೊಸ ಶಾಲೆಯಲ್ಲಿ ಫೀಸು ಕಟ್ಟಿಯಾಗಿತ್ತು. ನಾನು ಕಳಿಸಲಿಲ್ಲ. ಆ ವರ್ಷ ಅಲ್ಲಿ ಏನಾಯಿತೆಂದು ವಿಚಾರಿಸಲೂ ಇಲ್ಲ. ರೈಲಿನಲ್ಲಿ ಆ ಟೀಚರು ಕಂಡರೆ ಬೇರೆ ಡಬ್ಬಿ ಹತ್ತಿದ ದಿನಗಳಿವೆ. ಕನ್ನಡ ಉಳಿಸಿ ಎಂಬ ಕವಿತೆ ನಾನೂ ಬರೆದಿದ್ದೇನೆ, ಇದೇ ಬಗೆಯ ಸಂಚಿಕೆಯಲ್ಲಿ ಅಚ್ಚಾಗಿದೆ. ಆ ಕವಿತೆಯಲ್ಲಿ ಈ ಫೋನು ಇಲ್ಲ. ಅದಕ್ಕೇ ಅದು ಕೆಟ್ಟ ಕವಿತೆ.

2020ರ ಮಾರ್ಚ್ ಕೊನೆಯಲ್ಲಿ ಕೊರೋನಾದ ನೆವದಲ್ಲಿ ಗಡಿಯ ದಾರಿಗಳಿಗೆ ಕರ್ನಾಟಕದ ಕಡೆಯಿಂದ ಮಣ್ಣು ಹಾಕಿ ಮುಚ್ಚಿದ್ದನ್ನು ಈ ಓದುಗರಿಗೆ ನೆನಪಿಸಬೇಕಾಗಿಲ್ಲ. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ ಕಾಸರಗೋಡಿನವರ ಆಂಬ್ಯುಲೆನ್ಸುಗಳು ತಲಪಾಡಿಯಿಂದ ಹಿಂದೆ ಹೋದವು, ಚಿಕಿತ್ಸೆ ಸಿಗದೆ ರೋಗಿಗಳು ಸತ್ತರು, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಆಗ ನಾನು ಈಚೆ, ಅಮ್ಮ ಆಚೆ. ಹೊಳೆ ದಾಟದಿದ್ದರೆ ದೂರವಲ್ಲ ಎಂಬ ಅವರ ಲೆಕ್ಕ ಮೊದಲ ಬಾರಿಗೆ ತಪ್ಪಿತು. ಆದಿತ್ಯವಾರಗಳು ನಿಂತವು. ಮಾತ್ರೆಯನ್ನು ಉಪ್ಪಳದಲ್ಲಿ ಕೊಂಡು ಅಮ್ಮನಿಗೆ ತಲುಪಿಸುತ್ತಿದ್ದವರು ನಮ್ಮ ಹಳೆಯ ತೋಟದ ಬದಿಯ ಜಾಗವನ್ನು ಕೊಂಡ ಮಲಯಾಳಿ ಮನೆಯವರು, ನಮ್ಮ ಕಥೆಗಳ ಆ ಹೆಸರಿಲ್ಲದ ಹೊರಗಿನವರು.

ಆ ಕಾಲದ ಮೇಲೆ ಬಂದ ಕವಿತೆಗಳಲ್ಲಿ ಮಣ್ಣಿನ ರಾಶಿ ಗೋಡೆಯಾಗಿದೆ, ಹಾವಾಗಿದೆ, ಗಾಯವಾಗಿದೆ. ಎಲ್ಲವೂ ಆಗಿದೆ, ಮಣ್ಣು ಮಾತ್ರ ಆಗಿಲ್ಲ. ಯಾರ ಟಿಪ್ಪರಿನಲ್ಲಿ ಬಂತು, ಯಾವ ಗುಡ್ಡದ್ದು, ಮತ್ತೆ ಯಾರು ತೆಗೆದರು ಎಂದು ಒಬ್ಬ ಕಥೆಗಾರನಾದರೂ ಕೇಳಿದ್ದರೆ ನಮಗೆ ಒಂದು ಒಳ್ಳೆಯ ಕಥೆ ಸಿಗುತ್ತಿತ್ತು. ರೂಪಕಕ್ಕೆ ನಾವು ಬೇಗ ಓಡುತ್ತೇವೆ. ಕಾರಂತರು ಓಡುವುದಿಲ್ಲ, ಅವರ ಹೆಂಗಸರು ಗದ್ದೆಗೆ ಗೊಬ್ಬರ ಹೊರುವುದನ್ನು ಪುಟಗಟ್ಟಲೆ ಬರೆಯುತ್ತಾರೆ, ಮಣ್ಣು ಎಂಬ ಮಾತು ಆ ಮೇಲೆ ತಾನಾಗಿ ದೊಡ್ಡದಾಗುತ್ತದೆ.

ತೊಕ್ಕೊಟ್ಟಿನ ಸಂತೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕನ್ನಡ ಒಂದೇ ಮೀನಿನ ಬುಟ್ಟಿಯ ಸುತ್ತ ಚರ್ಚೆಗಿಳಿಯುತ್ತವೆ. ಮಂಜೇಶ್ವರದಲ್ಲೂ ಹೀಗೇ. ಎರಡು ರಾಜ್ಯಗಳ ಬಸ್ಸುಗಳೂ ಕೆಎಸ್ಸಾರ್ಟಿಸಿಯೇ. ಬೋರ್ಡು ಓದದೆ ಹತ್ತಿದರೂ ಕಾಸರಗೋಡಿಗೇ ಹೋಗುತ್ತದೆ. ಇಲ್ಲಿಗೆ ಬಂದವರ ಕಥೆ ಬರೆಯುವವನಿಗೆ ಭಾಷೆಗಳ ಈ ಸದ್ದು ಕೇಳಿಸಬೇಕು. ನಮ್ಮ ವಲಸೆಯ ಕಥೆಗಳಲ್ಲಿ ಎಲ್ಲರೂ ಪುಸ್ತಕದ ಕನ್ನಡ ಮಾತಾಡುತ್ತಾರೆ, ಗಂಡಹೆಂಡತಿ ಜಗಳವಾಡುವಾಗಲೂ.

ನಾವಿರುವ ಕಟ್ಟಡದ ಕೆಳಗಿನ ಮಹಡಿಯಲ್ಲಿ ಪಯ್ಯನ್ನೂರಿನ ಕಡೆಯ ಒಂದು ಸಂಸಾರ ಇದೆ. ಮಗನನ್ನು ದೇರಳಕಟ್ಟೆಯಲ್ಲಿ ಓದಿಸಲು ತಾಯಿ ಊರು ಬಿಟ್ಟು ಬಂದು ಕೂತಿದ್ದಾರೆ. ಅವರೂ ಚಂದ್ರಗಿರಿ ದಾಟಿ ಬಂದು ನೇತ್ರಾವತಿಯ ಈಚೆಗೆ ನಿಂತವರು. ಈ ವಾರ್ಷಿಕದ ಹಿಂದಿನ ಸಂಚಿಕೆಯನ್ನು ನನ್ನ ಹೆಂಡತಿ ಅವರಿಗೆ ಓದಲು ಕೊಟ್ಟಳು. ಒಂದು ತಿಂಗಳ ಬಳಿಕ ಕೇಳಿದ್ದಕ್ಕೆ, ಮಲಯಾಳದ ಭಾಗ ಮುಗಿಯಿತು ಚೇಚಿ, ಕನ್ನಡದಲ್ಲಿ ಏನು ಬರೆದಿದ್ದಾರೆ, ಯಾರಾದರೂ ಓದಿ ಹೇಳಿ ಎಂದರಂತೆ. ಸಂಚಿಕೆ ಇನ್ನೂ ಅವರ ಮನೆಯಲ್ಲೇ ಇದೆ.