ಅಂಕಸಮುದ್ರದ ಜಾಲಿ, ಸಾಬರಮತಿಯ ಗೋಡೆ

ಕೂಡ್ಲಿಗಿಯ 74 ಕೆರೆ, ಹರಪನಹಳ್ಳಿಯ 60 ಕೆರೆ ತುಂಬಿಸುವ ಯೋಜನೆಗಳು ಈ ಸೀಮೆಗೆ ದೊಡ್ಡ ಭರವಸೆ. ಆದರೆ ಕೆರೆಗೆ ನೀರು ಬಂದ ಬೆನ್ನಿಗೇ ವಾಕಿಂಗ್ ಟ್ರ್ಯಾಕ್, ಬೋಟಿಂಗ್, ಸಂಗೀತ ಕಾರಂಜಿಯ ಮಾತು ಏಳುತ್ತದೆ. ಅದಕ್ಕೆ ಮಾದರಿಯಾಗಿ ಎತ್ತಿ ಹಿಡಿಯುವುದು ಅಹಮದಾಬಾದಿನ ಸಾಬರಮತಿ ದಂಡೆಯನ್ನು. ಆ ಹೊಗಳಿಕೆ ಅತಿಯಾಯಿತು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಗೆ ಮಾದರಿಯೆಂದು ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ.

ಸಾಬರಮತಿಯದು ದುಡಿಮೆಯ ದಂಡೆಯಾಗಿತ್ತು. ಅಗಸರು ಬಟ್ಟೆ ಒಗೆಯುತ್ತಿದ್ದರು, ವಾರಕ್ಕೊಮ್ಮೆ ಗುಜರಿ ಸಂತೆ ಕೂಡುತ್ತಿತ್ತು. ನದಿಯನ್ನು ಎರಡು ಗೋಡೆಗಳ ನಡುವೆ 263 ಮೀಟರ್ ಅಗಲಕ್ಕೆ ಕಟ್ಟಿಹಾಕಿದ ಮೇಲೆ ಊರಿನವರಿಗೆ ಸಂಜೆ ಅಡ್ಡಾಡಲು ಜಾಗ ಸಿಕ್ಕಿತು, ನಿಜ. ಆದರೆ ಅಲ್ಲಿ ಬದುಕಿದ್ದವರು ಜಾಗ ಖಾಲಿ ಮಾಡಬೇಕಾಯಿತು. ಅಮೆರಿಕದ ಸಿಯಾಟಲ್‌ನಲ್ಲಿ ಉದ್ಯಾನ ವಿನ್ಯಾಸಕಾರ ರಿಚರ್ಡ್ ಹಾಗ್ ಇದಕ್ಕಿಂತ ಪ್ರಾಮಾಣಿಕ. ಸರೋವರದ ದಡದಲ್ಲಿ 1956ರಲ್ಲಿ ನಿಂತುಹೋದ ಅನಿಲ ಕಾರ್ಖಾನೆಯ ಗೋಪುರಗಳನ್ನು ಕೆಡವದೆ ಉಳಿಸಿಕೊಂಡೇ ಅವರು 1975ರಲ್ಲಿ ಉದ್ಯಾನ ಕೊಟ್ಟರು. ಅಲ್ಲಿ ಕೆಲಸದ ನೆನಪಾದರೂ ಉಳಿಯಿತು.

ಅಂಕಸಮುದ್ರ ಇನ್ನೂ ಒಂದು ಹೆಜ್ಜೆ ಮುಂದಿದೆ. ನೀರಾವರಿಗೆಂದು ಶತಮಾನಗಳ ಹಿಂದೆ ಕಟ್ಟಿದ ಸುಮಾರು 244 ಎಕರೆಯ ಈ ಕೆರೆ ಇಂದಿಗೂ ಕೆರೆಯೇ. ಇದರ ಜೀವ ಇರುವುದು ಅಂಗಳದಲ್ಲಿ ಬೆಳೆದ ಕರಿಜಾಲಿಯಲ್ಲಿ. ನೀರು ನಿಂತಾಗ ಪ್ರತಿ ಮರವೂ ನಡುಗಡ್ಡೆಯಾಗುತ್ತದೆ. ನಾಯಿ, ನರಿ ಬುಡಕ್ಕೆ ಬರಲಾರವು. ಬಣ್ಣದ ಕೊಕ್ಕರೆ ಮುಳ್ಳುಕೊಂಬೆಯ ಮೇಲೆ ನಿಶ್ಚಿಂತೆಯಿಂದ ಗೂಡು ಕಟ್ಟುತ್ತದೆ, ಕೆಳಗಿನ ನೀರಿನಲ್ಲೇ ಮರಿಗೆ ಮೀನು ಸಿಗುತ್ತದೆ. ಯಾವ ವಿನ್ಯಾಸಕಾರನೂ ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಇಷ್ಟು ಸಾಧಿಸಿಲ್ಲ. ಇಲ್ಲಿ 30,000ಕ್ಕೂ ಹೆಚ್ಚು ನೀರಹಕ್ಕಿಗಳು ಗೂಡುಕಟ್ಟಿ ತಂಗುತ್ತವೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿಸಿದ್ದು ಇದನ್ನೇ.

ಜಾಲಿಮರಗಳ ಈ ಗುಟ್ಟಿನ ಇನ್ನೊಂದು ಮುಖವನ್ನು ಕೆರೆ ತುಂಬಿಸುವವರು ಗಮನಿಸಬೇಕು. ಜಾಲಿಯ ಸಸಿ ಚಿಗುರಿ ಎತ್ತರಕ್ಕೆ ಬರಲು ಒಣ ಅಂಗಳ ಬೇಕು. ವರ್ಷವಿಡೀ ತುಂಬಿಯೇ ಇರುವ ಕೆರೆಯಲ್ಲಿ ಹಳೆಯ ಮರ ಬಿದ್ದರೆ ಅದರ ಜಾಗಕ್ಕೆ ಹೊಸದು ಏಳುವುದಿಲ್ಲ. ಅಂದರೆ ಬತ್ತುವುದೂ ಕೆರೆಯ ಕೆಲಸವೇ. ಬತ್ತಿದ ಕೆರೆಯನ್ನು ಸೋಲೆಂದು ಬರೆಯುವ ವಿಮರ್ಶಕರಿಗೆ ಈ ಸರಳ ಲೆಕ್ಕ ಕಾಣುವುದಿಲ್ಲ.

ಪಕ್ಷಿಧಾಮವನ್ನು ಸಾರ್ವಜನಿಕ ಉದ್ಯಾನಕ್ಕೆ ಮಾದರಿ ಎನ್ನುವುದು ಹೇಗೆ, ಜನರಿಗೆ ಅಲ್ಲಿ ಜಾಗವೆಲ್ಲಿ ಎಂಬುದು ಅವರ ಇನ್ನೊಂದು ತಕರಾರು. ಕಾನೂನನ್ನೇ ಓದಲಿ. ಅಂಕಸಮುದ್ರ ಸಂರಕ್ಷಣಾ ಮೀಸಲು. ವನ್ಯಜೀವಿ ಕಾಯ್ದೆಯ ಸೆಕ್ಷನ್ 36ಎ ಪ್ರಕಾರ ಸ್ಥಳೀಯರೊಂದಿಗೆ ಸಮಾಲೋಚಿಸದೆ ಹೀಗೆ ಘೋಷಿಸುವಂತಿಲ್ಲ. ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಲೇಬೇಕು. ಸಾರ್ವಜನಿಕ ಎಂಬುದಕ್ಕೆ ನಾನು ಕೊಡುವ ಅರ್ಥ ಈ ಹಕ್ಕು. ಬೆಂಚಿನ ಮೇಲೆ ಕೂರುವ ಅವಕಾಶವಷ್ಟೇ ಸಾಲದು.

ಪಟ್ಟಣದ ಮಕ್ಕಳಿಗೆ ಆಟದ ಮೈದಾನ ಬೇಕು, ಒಪ್ಪುತ್ತೇನೆ. ಅದನ್ನು ಪಟ್ಟಣದೊಳಗೆ ಮಾಡಿ. ಕೆರೆಗಳಿಗೆ ಬೇಕಾದದ್ದು ಬೇರೆ: ಅಂಗಳದ ಒಂದು ಭಾಗದಲ್ಲಿ ಜಾಲಿ, ಬೇಸಿಗೆಯಲ್ಲಿ ಒಣಗುವ ಬಿಡುವು, ಊರವರ ಸಮಿತಿ. ಕಾಂಕ್ರೀಟಿನ ಅಂದಾಜುಪಟ್ಟಿ ಬರೆಯುವ ಮೊದಲು ಈ ಮೂರನ್ನು ಯೋಜನೆಯಲ್ಲಿ ಬರೆಯಬೇಕು.