ಒಳಗಿನ ಗಂಟು

ಸಿಗಾರ್ ಬಗ್ಗೆ ಬರೆಯುತ್ತೇನೆ ಎಂದಾಗ ಮೊದಲು ನಕ್ಕವರು ನಮ್ಮವರೇ. "ನಿನಗೂ ಅದಕ್ಕೂ ಏನು ಸಂಬಂಧ ಮಾರಾಯ್ತಿ?" ಎಂದರು. ಸಂಬಂಧ ಇಲ್ಲದೇ ಏನು? ಎಂಟನೇ ವರ್ಷದಿಂದ ಬಿ.ಎ. ಮುಗಿಯುವವರೆಗೂ ಅಮ್ಮನ ಪಕ್ಕದಲ್ಲಿ ಕೂತು ಬೀಡಿ ಕಟ್ಟಿದ ಕೈ ನನ್ನದು. ನಮ್ಮ ಮಂಗಳೂರು ಕಡೆಯಲ್ಲಿ ಹಾಗೆ ಓದಿದ ಹೆಣ್ಣುಮಕ್ಕಳು ಬೀದಿಗೆ ಹತ್ತು ಮಂದಿ ಸಿಗುತ್ತಾರೆ. ಎಲೆಯಲ್ಲಿ ಹೊಗೆಸೊಪ್ಪು ಸುತ್ತಿದ ಯಾವ ವಸ್ತುವನ್ನು ಕೊಟ್ಟರೂ ಒಂದು ಮಾತು ಹೇಳುವ ಅಧಿಕಾರ ನಮಗೆ ಇದೆ ಎಂದೇ ನಾನು ತಿಳಿದಿದ್ದೇನೆ.

ಅದು ಬಂದದ್ದು ನನ್ನ ಮೈದುನನ ಕೈಯಲ್ಲಿ. ದುಬೈಯಿಂದ ರಜೆಗೆ ಬರುವಾಗ ಅಣ್ಣನ ಅರವತ್ತಕ್ಕೆಂದು ವಿಮಾನ ನಿಲ್ದಾಣದ ಅಂಗಡಿಯಿಂದ ಒಂದೇ ಒಂದು ಸಿಗಾರ್ ತಂದಿದ್ದ. ನಿಕರಾಗುವಾ ದೇಶದ ಎಸ್ತೆಲಿ ಎಂಬ ಊರಿನ ಮಾಲು. ಬೆಲೆ ನಮ್ಮ ಲೆಕ್ಕದಲ್ಲಿ ಎರಡು ಸಾವಿರದ ಮೇಲೆ. ಕಂಪೆನಿಯ ಹೆಸರು ಇಲ್ಲಿ ಬೇಡ. ನಮ್ಮವರು ಸಿಗರೇಟು ಬಿಟ್ಟು ಇಪ್ಪತ್ತು ವರ್ಷವಾಗಿದೆ. ಆದರೂ ತಮ್ಮ ಪ್ರೀತಿಯಿಂದ ತಂದದ್ದೆಂದು ರಾತ್ರಿ ಊಟವಾದ ಮೇಲೆ ಟೆರೇಸಿನಲ್ಲಿ ಕುರ್ಚಿ ಹಾಕಿಸಿಕೊಂಡರು.

ಹೊತ್ತಿಸುವ ಮೊದಲು ನಾನು ಅದನ್ನು ಕೈಗೆ ತೆಗೆದುಕೊಂಡೆ. ಐದಿಂಚು ಉದ್ದ, ಮುಕ್ಕಾಲು ಇಂಚಿಗಿಂತ ಚೂರು ಹೆಚ್ಚು ದಪ್ಪ. ಮೇಲಿನ ಹೊದಿಕೆ ಎಲೆಯನ್ನು ನೋಡಿ, ಸುಳ್ಳು ಹೇಳುವುದಿಲ್ಲ, ಹೊಟ್ಟೆಕಿಚ್ಚಾಯಿತು. ಕಾಫಿಪುಡಿಯ ಬಣ್ಣ, ಎಣ್ಣೆ ಸವರಿದಂಥ ಹೊಳಪು, ಒಂದೇ ಒಂದು ದಪ್ಪ ನರವಿಲ್ಲ. ಎಲೆಯನ್ನು ಓರೆಯಾಗಿ ಸುತ್ತುತ್ತಾ ಹೋಗಿದ್ದಾರೆ. ಒಂದು ಸುತ್ತು ಇನ್ನೊಂದರ ಮೇಲೆ ಎಲ್ಲಿ ಕೂತಿದೆ ಎಂದು ಬೆರಳಿಗೂ ತಿಳಿಯದು. ತುದಿಯ ಟೊಪ್ಪಿಗೆಯನ್ನು ಗೋಂದಿನಿಂದ ಕೂರಿಸಿದ್ದಂತೂ ನಮ್ಮ ಕಡೆಯ ಒಳ್ಳೆಯ ದರ್ಜಿಯ ಕೈಹೊಲಿಗೆಯ ಹಾಗೆ. ಆದರೆ ಅಭ್ಯಾಸ ನೋಡಿ, ಹೆಬ್ಬೆರಳು ತಾನಾಗಿಯೇ ಒತ್ತುತ್ತಾ ಹೋಯಿತು. ಮಧ್ಯಕ್ಕೆ ಬರುವಾಗ ಒಂದು ಕಡೆ ಕಲ್ಲಿನಷ್ಟು ಗಟ್ಟಿ. ಅದರ ಹಿಂಬದಿಯಲ್ಲಿ ಮೆತ್ತಗೆ. ಅಮ್ಮ ಇದ್ದಿದ್ದರೆ ಅಲ್ಲೇ ಪಕ್ಕಕ್ಕೆ ಇಟ್ಟುಬಿಡುತ್ತಿದ್ದಳು.

"ಇದು ಎಳೆಯುವುದಿಲ್ಲ" ಎಂದೆ. "ಸುಮ್ಮನಿರಿ ಅತ್ತಿಗೆ, ಇದು ಬೀಡಿಯಲ್ಲ" ಎಂದ ಮೈದುನ.

ಎಳೆಯಲಿಲ್ಲ. ನಮ್ಮವರ ಕೆನ್ನೆ ಒಳಗೆ ಹೋಗಿ ಹೋಗಿ, ತಂಬಿಗೆಯಿಂದ ಸ್ಟ್ರಾ ಹಾಕಿ ಗಟ್ಟಿ ಮೊಸರು ಕುಡಿಯುವವರ ಹಾಗೆ ಕಂಡರು. ಹತ್ತು ನಿಮಿಷದಲ್ಲಿ ಬೆಂಕಿ ಒಂದೇ ಮಗ್ಗುಲಲ್ಲಿ ಇಳಿಯತೊಡಗಿತು. ಇನ್ನೊಂದು ಮಗ್ಗುಲು ದೋಣಿಯ ಮೂತಿಯಂತೆ ಚಾಚಿಕೊಂಡು ನಿಂತಿತು. ಎರಡು ಸಲ ಆರಿತು, ಎರಡು ಸಲವೂ ಮೈದುನ ಹೊತ್ತಿಸಿಕೊಟ್ಟ. ಮೂರನೆಯ ಸಲ ನಾನೇ ತೆಗೆದುಕೊಂಡೆ. ನೀವು ಹುಬ್ಬೇರಿಸುತ್ತೀರಿ ಎಂದು ಗೊತ್ತು. ಸಿಗಾರಿನ ಹೊಗೆಯನ್ನು ಎದೆಗೆ ಎಳೆಯುವುದಲ್ಲವಂತೆ, ಬಾಯಲ್ಲಿ ತಿರುಗಿಸಿ ಬಿಡುವುದು. ಹಾಗೆ ನಾಲ್ಕೈದು ಸಲ ಮಾಡಿದೆ. ಮೊದಲಿಗೆ ಕರಿಮೆಣಸಿನ ಚುರುಕು, ಆಮೇಲೆ ತಳ ಹಿಡಿದ ಬೆಲ್ಲದ ಪಾಕದ ವಾಸನೆ. ಅದು ಚೆನ್ನಾಗಿತ್ತು ಎಂದರೆ ತಪ್ಪೇನಿಲ್ಲ. ಆದರೆ ಆರಿ ಆರಿ ಹೊತ್ತಿಸಿದ ಹೊಗೆಸೊಪ್ಪಿನ ಕಹಿ ಅಷ್ಟರಲ್ಲಾಗಲೇ ಎಲ್ಲವನ್ನೂ ನುಂಗಿತ್ತು. ಐದು ನಿಮಿಷದಲ್ಲಿ ತಲೆ ತಿರುಗಿತು. ಉಳಿದ ಅರ್ಧವನ್ನು ಕೆಳಗೆ ತಂದು ಅಡಿಗೆಮನೆಯ ದೀಪದಡಿ ಗೆರಸೆಯಲ್ಲಿಟ್ಟು ಬಿಚ್ಚಿದೆ.

ಪತ್ರೊಡೆ ಮಾಡುವವರಿಗೆ ಇದನ್ನು ಹೇಳುವುದು ಸುಲಭ. ಕೆಸುವಿನೆಲೆಯ ದಪ್ಪ ನರವನ್ನು ಹೆರೆಯದೆ ಸುತ್ತಿದರೆ, ಹಿಟ್ಟನ್ನು ಒಂದೇ ಕಡೆ ಬಳಿದರೆ, ಮೇಲಿನಿಂದ ಎಷ್ಟೇ ಚೆಂದ ಕಂಡರೂ ಬೇಯುವಾಗ ಗುಟ್ಟು ಬಯಲಾಗುತ್ತದೆ. ಸಿಗಾರಿನಲ್ಲಿಯೂ ಮೂರು ಪದರ. ಒಳಗೆ ಉದ್ದಕ್ಕೆ ಜೋಡಿಸಿದ ನಾಲ್ಕೈದು ಎಲೆಗಳ ತುಂಬು, ಅದನ್ನು ಹಿಡಿದಿಡುವ ಕಟ್ಟೆಲೆ, ಮೇಲೆ ಹೊದಿಕೆ. ಒಳತುಂಬಿನ ಎಲೆಗಳಲ್ಲಿ ಗಿಡದ ಮೇಲ್ತುದಿಯಿಂದ ಕೊಯ್ದದ್ದಕ್ಕೆ ಲಿಹೇರೊ ಎನ್ನುತ್ತಾರೆ. ಬಿಸಿಲುಂಡು ದಪ್ಪವಾದ ಎಲೆ, ಘಾಟು ಹೆಚ್ಚು, ಉರಿಯುವುದು ನಿಧಾನ. ಅದು ನಟ್ಟನಡುವೆ ಕೂರಬೇಕು, ಸುತ್ತಲೂ ತೆಳು ಎಲೆಗಳು ಬರಬೇಕು. ಗಾಳಿ ಹೋಗಲು ಪ್ರತಿ ಎಲೆಯ ಮಡಿಕೆಯ ನಡುವೆಯೂ ದಾರಿ ಇರಬೇಕು. ನಮ್ಮ ಸಿಗಾರಿನಲ್ಲಿ ಲಿಹೇರೊ ಒಂದು ಪಕ್ಕಕ್ಕೆ ಜಾರಿತ್ತು, ಅದಕ್ಕೇ ಆ ಮಗ್ಗುಲು ಹಿಂದೆ ಬಿದ್ದದ್ದು. ಇನ್ನೊಂದು ಎಲೆ ಹಿಂಡಿದ ಒದ್ದೆ ಬಟ್ಟೆಯ ಹಾಗೆ ತಿರುಚಿಕೊಂಡು, ತೆಗೆಯದೆ ಬಿಟ್ಟ ನಡುನರದ ತುಂಡಿನೊಡನೆ ಗಂಟಾಗಿತ್ತು. ನನ್ನ ಹೆಬ್ಬೆರಳಿಗೆ ಸಿಕ್ಕಿದ್ದು ಆ ಗಂಟು.

ಎಸ್ತೆಲಿಯಂಥ ಕಡೆಯ ಕಾರ್ಖಾನೆಗಳಲ್ಲಿ ಒಂದು ಸಿಗಾರನ್ನು ಸಾಮಾನ್ಯವಾಗಿ ಇಬ್ಬರು ಸೇರಿ ಮಾಡುತ್ತಾರೆ. ಒಳತುಂಬು ಕಟ್ಟುವವರು ಒಬ್ಬರು, ಹೆಚ್ಚಾಗಿ ಗಂಡಸು. ಹೊದಿಕೆ ಸುತ್ತುವವರು ಇನ್ನೊಬ್ಬರು, ಹೆಚ್ಚಾಗಿ ಹೆಂಗಸು. ಹಾಗಾದರೆ ನಾನು ಹೊಟ್ಟೆಕಿಚ್ಚುಪಟ್ಟ ಆ ಹೊದಿಕೆ ಬಹುಶಃ ಒಬ್ಬಾಕೆಯ ಕೈಕೆಲಸ. ಪಕ್ಕದವನು ಅವಸರದಲ್ಲಿ ಕಟ್ಟಿಕೊಟ್ಟ ಗಂಟಿನ ಮೇಲೆ ಆಕೆ ಅಷ್ಟು ನಾಜೂಕಾಗಿ ಎಲೆ ಹೊದಿಸಿದ್ದಳು. ಸುತ್ತುವಾಗ ಆಕೆಯ ಬೆರಳಿಗೆ ಆ ಗಟ್ಟಿ ತಿಳಿದಿರಲಿಲ್ಲವೇ? ತಿಳಿಯದಿರಲು ಸಾಧ್ಯವಿಲ್ಲ. ತಿಳಿದೂ ಸುತ್ತಿದ್ದಾಳೆ, ಎಣಿಕೆಯ ಕೂಲಿಯಲ್ಲಿ ಹಿಂದಕ್ಕೆ ಕೊಟ್ಟು ಕೂರುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು.

ನಮ್ಮಲ್ಲಿ ಸಾವಿರ ಬೀಡಿಗೆ ಇಷ್ಟು ಎಂದು ಎಲೆ, ಹೊಗೆಸೊಪ್ಪು ತೂಗಿ ಕೊಡುತ್ತಿದ್ದರು. ಎಲೆ ತೂತಾಗಿದ್ದರೂ ಹರಿದಿದ್ದರೂ ಸಾವಿರವೆಂದರೆ ಸಾವಿರ. ಕಡಮೆ ಬಿದ್ದ ಎಲೆಯನ್ನು ಅಮ್ಮ ಅಂಗಡಿಯಿಂದ ಕೊಳ್ಳುತ್ತಿದ್ದಳು. ಮಧ್ಯಾಹ್ನ ರೇಡಿಯೋ ಹಾಕಿಕೊಂಡು ಕಟ್ಟುವುದು. (ಕ್ಯೂಬಾದ ಹವಾನಾದಲ್ಲಿ 1865ರಿಂದಲೇ ಸಿಗಾರ್ ಕಟ್ಟುವವರು ತಮ್ಮ ಕೂಲಿಯಲ್ಲೇ ಪಾಲು ಹಾಕಿ, ಗಟ್ಟಿಯಾಗಿ ಪತ್ರಿಕೆ, ಕಾದಂಬರಿ ಓದಿ ಹೇಳಲು ಒಬ್ಬನನ್ನು ಇಟ್ಟುಕೊಂಡಿದ್ದರಂತೆ. ಅಮ್ಮನಿಗೆ ಇದನ್ನು ಹೇಳಬೇಕಿತ್ತು.) ಸಂಜೆ ಬ್ರಾಂಚಿಗೆ ಒಯ್ದರೆ ಅಲ್ಲಿ ಒಬ್ಬರು ಕಟ್ಟು ಬಿಚ್ಚಿ, ಹಿಡಿಯಲ್ಲಿ ಒತ್ತಿ, ಸಡಿಲವಾದದ್ದು, ಗಿಡ್ಡವಾದದ್ದು ಎಂದು ತೆಗೆದು ಬುಟ್ಟಿಗೆ ಎಸೆಯುತ್ತಿದ್ದರು. ಎಸೆದದ್ದಕ್ಕೆ ಕೂಲಿ ಇಲ್ಲ. ಎಸೆದ ಬೀಡಿಯನ್ನು ಹಿಂದಕ್ಕೂ ಕೊಡುತ್ತಿರಲಿಲ್ಲ. 1966ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯ್ದೆಯಲ್ಲಿ ಇಂಥ ತಿರಸ್ಕಾರದ ತಕರಾರು ಹೇಳಿಕೊಳ್ಳಲು ದಾರಿ ಇತ್ತೆಂದು ನಾನು ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಬ್ರಾಂಚಿನ ಜಗಲಿಯಲ್ಲಿ ಅದನ್ನು ಯಾರೂ ಹೇಳಿದ್ದು ಕೇಳಲಿಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ಇದ್ದಾಗ ಒಮ್ಮೆ ಟೆಂಟಿನ ಸಿನಿಮಾಕ್ಕೆ ಹೋಗುವ ಅವಸರದಲ್ಲಿ ನನ್ನ ಪಾಲಿನ ಇನ್ನೂರನ್ನು ಹೇಗೋ ಕಟ್ಟಿದೆ. ಒಳಗೆ ಪುಡಿ ಸರಿಯಾಗಿ ಹರಡಿರಲಿಲ್ಲ, ತಲೆ ಮಾತ್ರ ನೀಟಾಗಿ ಮಡಚಿದ್ದೆ, ನೂಲು ಬಿಗಿಯಾಗಿ ಸುತ್ತಿದ್ದೆ. ಅಮ್ಮನ ಕಟ್ಟುಗಳ ನಡುವೆ ಸೇರಿಸಿಟ್ಟೆ. ಆ ದಿನ ನೂರರ ಮೇಲೆ ಬುಟ್ಟಿಗೆ ಹೋಯಿತು. "ನಿನ್ನ ಕೈ ಕೆಟ್ಟಿದೆಯಲ್ಲ" ಎಂದು ಅವರು ಎಲ್ಲರೆದುರು ಅಂದರು. ಅಮ್ಮ ಒಮ್ಮೆ ನನ್ನ ಮುಖ ನೋಡಿದಳು. ಅವಳಿಗೆ ತಿಳಿದಿತ್ತು, ತನ್ನ ಕಟ್ಟು, ನನ್ನ ಕಟ್ಟು ಕತ್ತಲಲ್ಲಿ ಮುಟ್ಟಿಯೂ ಹೇಳಬಲ್ಲವಳು. "ಎಲೆ ಸರಿ ಇರಲಿಲ್ಲ" ಎಂದಷ್ಟೇ ಹೇಳಿ ಪುಸ್ತಕ ಮುಂದೆ ಹಿಡಿದಳು. ಮನೆಗೆ ಬರುವ ದಾರಿಯಲ್ಲಿಯೂ ಕೇಳಲಿಲ್ಲ. ಒಂದು ದಿನವೂ ಬೀಡಿ ಸೇದದ ಆಕೆಯ ಕೊನೆಯ ಹತ್ತು ವರ್ಷ ಕೆಮ್ಮಿನಲ್ಲೇ ಕಳೆಯಿತು.

ಅಮೆರಿಕದಲ್ಲಿ 1992ರಲ್ಲಿ ಶುರುವಾದ 'ಸಿಗಾರ್ ಅಫಿಷನಾಡೊ' ಎಂಬ ಪತ್ರಿಕೆ ಇದೆ, ಸಿಗಾರುಗಳಿಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುವುದು ಅದರ ಪದ್ಧತಿ. ಮೈದುನನೂ "ಎಷ್ಟು ಕೊಡುತ್ತೀರಿ ಅತ್ತಿಗೆ?" ಎಂದು ಕೆಣಕಿದ. ಪಾಸಾಗಲಿಲ್ಲ ಎಂದೆ. ಎರಡು ಸಾವಿರ ಕೇಳುವ ಮಾಲನ್ನು ಪೆಟ್ಟಿಗೆಗೆ ಹಾಕುವ ಮೊದಲು ಯಾರಾದರೂ ಒಬ್ಬರು ಹೆಬ್ಬೆರಳಲ್ಲಿ ಒತ್ತಿ ನೋಡಬೇಕಿತ್ತು. ನಮ್ಮ ಬ್ರಾಂಚಿನಲ್ಲಿ ಬಿಡಿಕಾಸಿನ ಬೀಡಿಗೆ ಅಷ್ಟು ಒತ್ತಿ ನೋಡುತ್ತಿದ್ದರಲ್ಲ! ಸೊಪ್ಪು ಒಳ್ಳೆಯದು, ಹದ ಒಳ್ಳೆಯದು, ಒಳಗಟ್ಟು ಕೆಟ್ಟದ್ದು. "ಹೊದಿಕೆ ಸುತ್ತಿದವಳ ಲೆಕ್ಕ ಬೇರೆ ಬರೆಯಬೇಕು" ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಗೆರಸೆಯಲ್ಲಿ ಉಳಿದ ಹೊದಿಕೆ ಎಲೆಯನ್ನು ಎಸೆಯಲು ಮನಸ್ಸು ಬರಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಬೆಳಿಗ್ಗೆ ಬಿಚ್ಚಿದರೆ ರೇಷ್ಮೆಯ ಹಾಗೆ ಮೆತ್ತಗಾಗಿತ್ತು. ಅಮ್ಮನ ಅಳತೆಯ ತಗಡು ಇನ್ನೂ ನನ್ನ ಹೊಲಿಗೆಪೆಟ್ಟಿಗೆಯಲ್ಲಿದೆ. ಇಟ್ಟು ಕತ್ತರಿಸಿದೆ. ಎರಡು ಎಲೆ ಬಂತು.