ಕೊಲಂಬೈನ್ ಶಿಖರಕ್ಕೆ ಪ್ರದಕ್ಷಿಣೆ

ತೊರೆಯನ್ನು ಎಲ್ಲಿ ದಾಟಬೇಕು, ಏರನ್ನು ಯಾವ ಮಗ್ಗುಲಿನಿಂದ ಹತ್ತಬೇಕು ಎಂಬ ಪ್ರಶ್ನೆಗಳಿಗೆಲ್ಲ ಹಿಂದೆ ನಡೆದವರು ಉತ್ತರ ಕೊಟ್ಟು ಮುಗಿಸಿರುವುದರಿಂದ, ಕಾಲುದಾರಿಯನ್ನು ಹಿಡಿದು ಸಾಗುವವನ ಕಣ್ಣು ದೃಶ್ಯಕ್ಕೂ ಮನಸ್ಸು ಮನೆಯ ಚಿಂತೆಗೂ ಬಿಡುವಾಗಿರುತ್ತವೆ. ಕ್ಯಾಲಿಫೋರ್ನಿಯದ ಸಿಯೆರಾ ನೆವಾಡ ಪರ್ವತಶ್ರೇಣಿಯಲ್ಲಿ, ಮರಗಳ ಎಲ್ಲೆಗೆ ಮೇಲೆ, ಹಿಮನದಿಗಳು ಕೊರೆದುಬಿಟ್ಟ ಬೋಳು ಗ್ರಾನೈಟಿನ ನಡುವೆ ಒಂದು ಸರೋವರದಿಂದ ಇನ್ನೊಂದಕ್ಕೆ ದಾರಿಯಿಲ್ಲದೆ ಹೋಗುವ ಏಕಾಕಿಗೆ ಆ ಬಿಡುವು ದೊರೆಯದು. ಅದು ದೊರೆಯದಿರುವುದರಲ್ಲಿಯೇ ಈ ವ್ಯಸನದ ಸ್ವಾರಸ್ಯವೆಲ್ಲ ಅಡಗಿದೆಯೆಂದು ನನ್ನ ಮತ.

ಎರಡು ರಾತ್ರಿಗಳ ಅವಕಾಶ ಮಾತ್ರ ಉಳ್ಳವನಿಗೆ ನಾನು ಸೂಚಿಸುವುದು ಕೊಲಂಬೈನ್ ಶಿಖರದ ಸುತ್ತು. ಬಿಷಪ್ ಊರಿನ ಮೇಲಣ ಸೌತ್ ಲೇಕ್ ಜಲಾಶಯದಿಂದ ಸುಮಾರು 6 ಮೈಲಿ ನಡೆದು, 2,200 ಅಡಿಗಳಷ್ಟು ಏರಿದರೆ 11,972 ಅಡಿ ಎತ್ತರದ ಬಿಷಪ್ ಪಾಸ್ ಎಂಬ ಗಿರಿದ್ವಾರ; ಅದರಾಚೆಗೆ 1940ರಲ್ಲಿ ಸ್ಥಾಪಿತವಾದ ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನ. ಇರುಳು ತಂಗುವುದಕ್ಕೆ ಪರ್ಮಿಟ್ ಬೇಕು, ಆಹಾರವನ್ನು ಕರಡಿ ತೆರೆಯಲಾಗದ ಗಟ್ಟಿ ಡಬ್ಬಿಯಲ್ಲಿ ಹೊರಬೇಕು, ಅಷ್ಟು ಎತ್ತರದಲ್ಲಿ ಸೌದೆಯ ಬೆಂಕಿ ನಿಷಿದ್ಧ. ಸಣ್ಣ ಸ್ಟೌ ಹೊತ್ತರೂ ನೀರು ಅಲ್ಲಿ 88 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿಯೇ ಕುದಿದುಬಿಡುವುದರಿಂದ ತೊಗರಿಬೇಳೆ ಬೇಯುವ ಮಾತಿಲ್ಲ. ಅವಲಕ್ಕಿಯೂ ಚಟ್ನಿಪುಡಿಯೂ ಈ ಪರ್ವತಗಳಿಗಾಗಿಯೇ ಸೃಷ್ಟಿಯಾದವೋ ಎನ್ನುವಂತಿವೆ.

ಗಿರಿದ್ವಾರದ ಕೆಳಗಿನ ಡೂಸಿ ಬೇಸಿನ್ ಎಂಬ ವಿಸ್ತಾರವಾದ ಬೋಗುಣಿ, 1870ರ ದಶಕದಲ್ಲಿ ಈ ಸೀಮೆಯನ್ನು ಶೋಧಿಸಿದ ಕುರಿಗಳ ಒಡೆಯ ಫ್ರ್ಯಾಂಕ್ ಡೂಸಿಯ ಹೆಸರನ್ನು ಧರಿಸಿದೆ. ಕಾಲುದಾರಿ ಇಲ್ಲಿಂದ ಪಶ್ಚಿಮದ ಕಮರಿಗೆ ಇಳಿಯುತ್ತದೆ; ನಮ್ಮ ಯಾತ್ರಿಕನು ಅದನ್ನು ಬಿಟ್ಟು ಪೂರ್ವಕ್ಕೆ ತಿರುಗಬೇಕು. ಕೊಲಂಬೈನಿನ ಉತ್ತರಕ್ಕೆ 12,300 ಅಡಿಗೂ ಮಿಕ್ಕ ಥಂಡರ್‌ಬೋಲ್ಟ್ ಪಾಸ್, ದಕ್ಷಿಣಕ್ಕೆ ಅದಕ್ಕಿಂತ ಸುಮಾರು 600 ಅಡಿ ತಗ್ಗಿನ ನ್ಯಾಪ್‌ಸ್ಯಾಕ್ ಪಾಸ್. ಮೊದಲನೆಯದರಲ್ಲಿ ಹೋಗಿ ಎರಡನೆಯದರಲ್ಲಿ ಮರಳಿದರೆ ಶಿಖರವು ದೇವಾಲಯದಂತೆ ಸದಾ ಬಲಗಡೆಯೇ ಉಳಿಯುತ್ತದೆ. ಶಾಸ್ತ್ರವನ್ನು ಒಪ್ಪದವರಿಗೆ ಬೇರೆಯ ಕಾರಣವನ್ನೂ ಹೇಳಬಲ್ಲೆ. ಬೇಸಗೆಯ ಅಪರಾಹ್ಣಗಳಲ್ಲಿ ಇಲ್ಲಿ ಗುಡುಗುಮಳೆ ಕವಿಯುವ ಸಂಭವವಿರುವುದರಿಂದ ಎತ್ತರದ ದ್ವಾರವನ್ನು ಮುಂಜಾನೆಯೇ ದಾಟಿಬಿಡುವುದು ವಿವೇಕ. ಪಕ್ಕದ ಥಂಡರ್‌ಬೋಲ್ಟ್ ಶಿಖರಕ್ಕೆ ಆ ಹೆಸರು ಬಂದದ್ದೇ ಹಾಗೆ: 1931ರ ಆಗಸ್ಟಿನಲ್ಲಿ, ರಾಬರ್ಟ್ ಅಂಡರ್‌ಹಿಲ್ ಮತ್ತು ನಾರ್ಮನ್ ಕ್ಲೈಡ್ ಇದ್ದ ತಂಡವು ಅದರ ತುದಿಯನ್ನು ಮೊದಲ ಬಾರಿಗೆ ಮುಟ್ಟಿದಾಗ ಎರಗಿದ ಸಿಡಿಲಿನಿಂದ ಜೂಲ್ಸ್ ಐಕಾರ್ನ್ ಎಂಬ ತರುಣನು ಕೂದಲೆಳೆಯಲ್ಲಿ ಪಾರಾದನು.

ಥಂಡರ್‌ಬೋಲ್ಟ್ ಪಾಸಿನ ಏರಿನ ಬಹುಭಾಗ ಉರುಳುಬಂಡೆಗಳ ಹರವು. ಇಂಥಲ್ಲಿ ಭೂಪಟದ ಉಪಕಾರಕ್ಕೆ ಒಂದು ಮಿತಿಯಿದೆಯೆಂಬುದನ್ನು ಮರೆಯಲಾಗದು. 40 ಅಡಿಗೊಂದರಂತೆ ಎತ್ತರದ ರೇಖೆಗಳನ್ನು ಎಳೆದ ಪಟದಲ್ಲಿ 30 ಅಡಿಯ ಕಡಿದಾದ ಗೋಡೆಯೊಂದು ಯಾವ ಗುರುತನ್ನೂ ತೋರದೆ ಎರಡು ಗೆರೆಗಳ ನಡುವೆ ಅಡಗಿ ಕುಳಿತಿರಬಹುದು. ಆದುದರಿಂದ ಕೆಳಗಿನಿಂದಲೇ ಇಡೀ ಇಳಿಜಾರನ್ನು ಓದಬೇಕು: ಹುಲ್ಲು ಹಬ್ಬಿದ ಅಂಚುಗಳು ಎಲ್ಲಿ ಒಂದಕ್ಕೊಂದು ಕೂಡುತ್ತವೆ, ಕಲ್ಲುಹೂವು ಹಿಡಿದು ಬಹುಕಾಲದಿಂದ ನೆಲೆನಿಂತ ಬಂಡೆಗಳಾವುವು, ಹೊಸದಾಗಿ ಜಾರಿಬಂದು ಬಿಳುಪಾಗಿ ಹೊಳೆಯುವವಾವುವು. ದೊಡ್ಡ ಬಂಡೆಯಾದ ಮಾತ್ರಕ್ಕೆ ಅದು ಸ್ಥಿರವೆಂದು ನಂಬುವುದು ಮೌಢ್ಯ. ಒಬ್ಬಂಟಿಗನ ಕಾಲು ಸಿಕ್ಕಿಕೊಂಡರೆ ಕೂಗನ್ನು ಕೇಳುವವರಿರುವುದಿಲ್ಲವಾದುದರಿಂದ, ಹೊರಡುವ ಮೊದಲು ಮಾರ್ಗವನ್ನೂ ಮರಳುವ ವೇಳೆಯನ್ನೂ ಮನೆಯವರಿಗೆ ಬರೆದುಕೊಟ್ಟಿರಬೇಕು.

ಆಚೆಯ ಬದಿಯಲ್ಲಿ, 14,200 ಅಡಿಗಳನ್ನು ಮೀರಿದ ನಾರ್ತ್ ಪ್ಯಾಲಿಸೇಡಿನ ಬುಡದಲ್ಲಿ, ಬ್ಯಾರೆಟ್ ಸರೋವರಗಳು. ಈ ನೀರುಗಳ ಸೌಂದರ್ಯವನ್ನು ವರ್ಣಿಸಿದವರು ಅನೇಕರು. ಅವುಗಳ ಇತಿಹಾಸ ಅಷ್ಟು ಸುಂದರವಲ್ಲ. ಜಲಪಾತಗಳು ತಡೆದುದರಿಂದ ಸಿಯೆರಾದ ಎತ್ತರದ ಸರೋವರಗಳಲ್ಲಿ ಮೂಲತಃ ಮೀನೇ ಇರಲಿಲ್ಲ. ಗಾಳಹಾಕುವವರ ವಿನೋದಕ್ಕಾಗಿ ಮೊದಲು ಹೇಸರಗತ್ತೆಗಳ ಮೇಲೂ ಅನಂತರ ವಿಮಾನಗಳಿಂದಲೂ ಟ್ರೌಟ್ ಮೀನುಗಳನ್ನು ತಂದು ತುಂಬಿದರು. ಇಲ್ಲಿನ ಹಳದಿಗಾಲಿನ ಕಪ್ಪೆಯ ಗೊದಮೊಟ್ಟೆ ಬೆಳೆದು ಕಪ್ಪೆಯಾಗಲು ಹಲವು ವರ್ಷಗಳು ಬೇಕು. ಅಷ್ಟು ಚಳಿಗಾಲಗಳನ್ನು ಕಳೆಯಲು ತಳದವರೆಗೆ ಹೆಪ್ಪುಗಟ್ಟದ ಆಳವಾದ ನೀರು ಬೇಕು. ಆ ಆಳವೇ ಮೀನಿಗೂ ಬೇಕಾದುದರಿಂದ ಕಪ್ಪೆ ಎಷ್ಟೋ ಕಡೆ ನಿರ್ನಾಮವಾಯಿತು, ಉಳಿದುದರ ಮೇಲೆ ಶಿಲೀಂಧ್ರದ ವ್ಯಾಧಿಯೂ ಬಂದೆರಗಿತು. 2001ರಿಂದ ಉದ್ಯಾನದ ಅಧಿಕಾರಿಗಳು ಕೆಲವು ಸರೋವರಗಳಲ್ಲಿ ಬಲೆಯೊಡ್ಡಿ ಮೀನುಗಳನ್ನು ತೆಗೆಯುತ್ತಿರುವರು. ಗಾಳಹಾಕುವ ಮಿತ್ರರ ಅಸಮಾಧಾನವನ್ನು ಬಲ್ಲೆನಾದರೂ ನನ್ನ ಪಕ್ಷಪಾತ ಕಪ್ಪೆಯ ಕಡೆಗೇ.

ನ್ಯಾಪ್‌ಸ್ಯಾಕಿನ ಏರು ಸುಲಭ. ಸ್ಟೀವ್ ರೋಪರ್ 1982ರ ತಮ್ಮ ಗ್ರಂಥದಲ್ಲಿ ನಿರೂಪಿಸಿದ ಸುಮಾರು 195 ಮೈಲಿಗಳ ಉನ್ನತ ಮಾರ್ಗವು ಇದರ ಮೂಲಕವೇ ಹಾಯುವುದರಿಂದ ಅಲ್ಲಲ್ಲಿ ಹೆಜ್ಜೆಜಾಡು ಮೂಡಿದೆ, ಯಾರೋ ಪುಣ್ಯಾತ್ಮರು ಗುರುತಿಗೆಂದು ಕಲ್ಲುಗುಪ್ಪೆಗಳನ್ನೂ ಪೇರಿಸಿದ್ದಾರೆ. ಆ ಗುಪ್ಪೆಗಳನ್ನು ಕಂಡರೆ ನನಗೆ ಆಗದು; ಪರರು ಜಿಪಿಎಸ್‌ನಲ್ಲಿ ದಾಖಲಿಸಿದ ಗೆರೆಯನ್ನು ಫೋನಿನಲ್ಲಿ ಇಳಿಸಿಕೊಂಡು, ತಲೆ ತಗ್ಗಿಸಿ ಅದರ ಮೇಲೆಯೇ ನಡೆಯುವವರನ್ನು ಕಂಡರಂತೂ, ಇವರು ಕಾಲುದಾರಿಯನ್ನು ಬಿಟ್ಟದ್ದೇಕೆಂದು ಆಶ್ಚರ್ಯವಾಗುತ್ತದೆ. ಮಂಜು ಕವಿದಾಗ ಆ ಯಂತ್ರದ ಸಹಾಯ ಪಡೆಯುವುದು ಬೇರೆ ಮಾತು.

ದ್ವಾರದಿಂದ ಇಳಿದು ಡೂಸಿಯ ಕೆಳಗಣ ಸರೋವರಗಳನ್ನು ಬಳಸಿ ವಾಯವ್ಯಕ್ಕೆ ನಡೆದರೆ ಬಿಷಪ್ ಪಾಸಿನ ಕಾಲುದಾರಿ ಮತ್ತೆ ಸಿಕ್ಕುತ್ತದೆ. ಹೊರೆಹೊತ್ತ ಹೇಸರಗತ್ತೆಗಳ ಸಾಲು ಎದುರಾದರೆ ಪಕ್ಕಕ್ಕೆ ಸರಿದು ಅಲುಗಾಡದೆ ನಿಲ್ಲಬೇಕು. ಆ ದಾರಿಯಲ್ಲಿ ಮೊದಲ ಹಕ್ಕು ಅವುಗಳದು.